ಮಕ್ಕಳಿಗೆ ಅಂತ ಬೇರೆ ಅಡುಗೆ ಮಾಡಬೇಡಿ

ಇಂಗ್ಲೆಂಡಿಗೆ ಬಂದ ಮೊದಲ ಮೂರು ವರ್ಷ ನಮ್ಮ ಮನೆಯಲ್ಲಿ ದಿನಾ ಎರಡು ಅಡುಗೆ ಆಗುತ್ತಿತ್ತು. ನಮಗಿಬ್ಬರಿಗೆ ಅನ್ನ, ಹುಳಿ, ಪಲ್ಯ. ಮಗಳಿಗೆ ಫ್ರೀಜರಿನ ಆಲೂಗಡ್ಡೆ ವಾಫಲ್, ಟಿನ್ನಿನ ಬೀನ್ಸ್, ಚೀಸ್ ಸುರಿದ ಪಾಸ್ತಾ. 2011ರಲ್ಲಿ ಹಾಸನದಿಂದ ರೆಡಿಂಗ್‌ಗೆ ಬಂದಾಗ ಅವಳಿಗೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಈ ಊರಿನ ಮಕ್ಕಳು ತಿನ್ನುವುದನ್ನೇ ಈಗಲೇ ತಿಂದರೆ ಮುಂದೆ ಸ್ಕೂಲಿನಲ್ಲಿ ಕಷ್ಟ ಆಗುವುದಿಲ್ಲ ಅಂದುಕೊಂಡೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ದಿನಸಿ ಖರ್ಚು ಏರಿತು. ಮಗುವಿಗೆ ಹೊಟ್ಟೆ ಕಟ್ಟತೊಡಗಿತು. ನಾಲ್ಕು ವರ್ಷ ಆಗುವಷ್ಟರಲ್ಲಿ ಒಗ್ಗರಣೆಯ ವಾಸನೆ ಬಂದರೆ ಸಾಕು, ಅವಳು ಮೂಗು ಮುಚ್ಚಿಕೊಂಡು ಆಚೆ ಹೋಗುತ್ತಿದ್ದಳು. ಇವತ್ತಿಗೂ ನನಗೆ ಅದು ನೋವೇ.

ಆದ್ದರಿಂದ ಪುಟ್ಟ ಮಕ್ಕಳ ಜೊತೆ ಈಗ ಬಂದಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದೇ ಕುಕ್ಕರ್ ಇಡಿ. ಬೇಳೆ, ತರಕಾರಿ, ಅರಿಶಿನ ಹಾಕಿ ಬೇಯಿಸಿ. ಸಾರಿನ ಪುಡಿ ಹಾಕುವ ಮೊದಲು ಮಗುವಿನ ಪಾಲನ್ನು ಬೇರೆ ತೆಗೆದಿಡಿ. ಅದಕ್ಕೆ ತುಪ್ಪ, ಜೀರಿಗೆ ಒಗ್ಗರಣೆ, ನಾಲ್ಕು ಹನಿ ನಿಂಬೆರಸ ಸಾಕು. ನಿಂಬೆಯಿಂದ ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ವರ್ಷ ತುಂಬದ ಕೂಸಿಗೆ ಉಪ್ಪೂ ಬೇಡ. ಆಮೇಲೆ ವಾರಕ್ಕಿಷ್ಟು ಅಂತ ಚಿಟಿಕೆ ಚಿಟಿಕೆ ಸಾರಿನ ಪುಡಿ ಸೇರಿಸುತ್ತಾ ಹೋಗಿ. ನನ್ನ ಎರಡನೆಯ ಮಗನಿಗೆ ಹೀಗೇ ಮಾಡಿದೆ. ಐದು ವರ್ಷಕ್ಕೆ ಅವನು ನಮ್ಮ ಹುಳಿಯನ್ನೇ ತಿನ್ನುತ್ತಿದ್ದ.

ಯಾವುದಾದರೂ ತರಕಾರಿಯನ್ನು ಮಗು ಉಗಿಯಿತು ಅಂತ ಅವತ್ತೇ ಬಿಡಬೇಡಿ. ಹೊಸ ರುಚಿ ಒಗ್ಗಲು ಹತ್ತು ಸಲವಾದರೂ ಬೇಕು, ಕೆಲವು ಮಕ್ಕಳಿಗೆ ಇನ್ನೂ ಜಾಸ್ತಿ. ನಾನು ಮೂರನೇ ಸಲಕ್ಕೇ ಕೈಬಿಟ್ಟು ವಾಫಲ್ ಬಿಸಿ ಮಾಡುತ್ತಿದ್ದೆ.

ಸಾಮಾನಿನ ವಿಷಯ. ಟೆಸ್ಕೊ, ಆಸ್ಡಾದಂಥ ಇಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ 'ರೆಡ್ ಸ್ಪ್ಲಿಟ್ ಲೆಂಟಿಲ್ಸ್' ಅಂತ ಸಿಗುವುದು ಮಸೂರ್ ಬೇಳೆ. ಅಗ್ಗ, ಕುಕ್ಕರ್ ಇಲ್ಲದಿದ್ದರೂ ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ, ತೊವ್ವೆಗೆ ಚೆನ್ನಾಗಿರುತ್ತದೆ. ತೊಗರಿಬೇಳೆಗೆ ಇಂಡಿಯನ್ ಅಂಗಡಿಗೇ ಹೋಗಬೇಕು. ಎಣ್ಣೆ ಹಚ್ಚಿದ ಬೇಳೆ ತಂದಿದ್ದರೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಫ್ರೀಜರಿನ ಬಟಾಣಿ, ಪಾಲಕ್ ಕೀಳು ಅಂತ ನಾನು ಎರಡು ವರ್ಷ ಮುಟ್ಟಲೇ ಇಲ್ಲ. ಸುಮ್ನೆ ದುಡ್ಡು ಕಳೆದೆ. ಕಿತ್ತ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸಿದ ತರಕಾರಿ ಅದು, ಸತ್ವ ಹಾಗೇ ಇರುತ್ತದೆ. ಅಕ್ಟೋಬರ್ ಕೊನೆಯಲ್ಲಿ, ಕುಂಬಳಕಾಯಿ ಕೊರೆದು ದೀಪ ಇಡುವ ಹ್ಯಾಲೊವೀನ್ ಹಬ್ಬ ಮುಗಿದ ಮರುದಿನ ಉಳಿದ ಕುಂಬಳಕಾಯಿಗಳ ಬೆಲೆ ಇಳಿದಿರುತ್ತದೆ. ಪಲ್ಯಕ್ಕೆ ಅದು ಆಗುವುದಿಲ್ಲ, ನೀರಾಗಿಬಿಡುತ್ತದೆ. ಹುಳಿಗೆ ಧಾರಾಳವಾಗಿ ಹಾಕಬಹುದು.

ರಾಗಿ ಹಿಟ್ಟು ಮನೆಯಲ್ಲಿ ಯಾವಾಗಲೂ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮುದ್ದೆ ನುಂಗಲು ಮಕ್ಕಳಿಗೆ ಬರುವುದಿಲ್ಲ ಅಂತ ಬೇಸರ ಬೇಡ. ಕ್ಯಾರೆಟ್ ತುರಿದು ಹಾಕಿ ರಾಗಿ ದೋಸೆ ಮಾಡಿ, ಕೈಯಲ್ಲಿ ಹಿಡಿದು ತಿನ್ನುತ್ತವೆ. ಊಟ ಮಾಡಲಿಲ್ಲ, ಹಾಲಾದರೂ ಕುಡಿಯಲಿ ಅನ್ನುವ ನಮ್ಮ ಅಭ್ಯಾಸವನ್ನು ಮಾತ್ರ ಬಿಡಬೇಕು. ನನ್ನ ಮಗಳು ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದಳು. ಹಾಲಲ್ಲೇ ಹೊಟ್ಟೆ ತುಂಬಿದ ಮೇಲೆ ತಟ್ಟೆಯ ಕಡೆ ಯಾಕೆ ನೋಡುತ್ತಾಳೆ?

ಇನ್ನೊಂದು ಅಭ್ಯಾಸ ನನ್ನನ್ನು ತುಂಬಾ ಹೆದರಿಸಿತು. ರಾತ್ರಿ ಮಿಕ್ಕ ಅನ್ನವನ್ನು ಒಲೆಯ ಮೇಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮಗೆಲ್ಲ ರೂಢಿ, ಅಲ್ವಾ? ಒಂದು ಚಳಿಗಾಲ ರಾತ್ರಿಯೆಲ್ಲ ಹೀಟಿಂಗ್ ಹಾಕಿತ್ತು. ಬೆಳಿಗ್ಗೆ ಚಿತ್ರಾನ್ನ ತಿಂದ ಮಗಳು ಮಧ್ಯಾಹ್ನದವರೆಗೆ ವಾಂತಿ ಮಾಡಿಕೊಂಡಳು. ಬೆಂದ ಅನ್ನದಲ್ಲೂ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳು ಉಳಿದಿರುತ್ತವೆ. ಅನ್ನ ಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ಅನ್ನವನ್ನು ಅಗಲ ತಟ್ಟೆಗೆ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಡಿ. ಮರುದಿನವೇ ಖಾಲಿ ಮಾಡಿ.

ಚಿತ್ರಾನ್ನದ ಕಡಲೆಕಾಯಿ ಬೀಜದ ಬಗ್ಗೆಯೂ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಹಳ ಶಾಲೆಗಳು ಡಬ್ಬಿಯಲ್ಲಿ ಕಡಲೆಕಾಯಿ, ಗೋಡಂಬಿ ತರಲು ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿಯೂ ಅದರಲ್ಲೇ ಬಂತು. ಮೊದಲೇ ಕೇಳಿಕೊಳ್ಳಿ.

ಶಾಲೆಯ ಕಾಗದಪತ್ರ ಜಾಸ್ತಿ ಇಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್ (ನಾಲ್ಕು ತುಂಬಿದ ಮಕ್ಕಳು ಸೇರುವ ಮೊದಲ ತರಗತಿ), ಅದರ ಮುಂದಿನ ಇಯರ್ ಒನ್, ಇಯರ್ ಟೂ ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತ, ನಿಮ್ಮ ಆದಾಯ ಎಷ್ಟೇ ಇರಲಿ. ಸಸ್ಯಾಹಾರಿಗಳಾದರೆ ಫಾರ್ಮಿನಲ್ಲಿ ಬರೆಯಿರಿ. ಒಂದರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಕೊಡಿ, ಇಲ್ಲಿನ ಬಿಸಿಲು ನಂಬುವಂಥದ್ದಲ್ಲ.

ಈ ಉಚಿತ ಊಟ ಶುರುವಾದದ್ದು 2014ರ ಸೆಪ್ಟೆಂಬರಿನಲ್ಲಿ. ನನ್ನ ಮಗಳು ರಿಸೆಪ್ಷನ್ ಸೇರಿದ್ದೂ ಅದೇ ತಿಂಗಳು. ಎರಡು ತಿಂಗಳು ಅವಳು ಹಸಿದುಕೊಂಡೇ ಮನೆಗೆ ಬಂದಳು. ತಟ್ಟೆಯಲ್ಲಿದ್ದದ್ದು ಅದೇ ಪಾಸ್ತಾ, ಅದೇ ಬೀನ್ಸ್. ತಿನ್ನಿಸುವವರು ಯಾರೂ ಇರಲಿಲ್ಲ. ನಾಲ್ಕು ವರ್ಷ ನಾನು ಫೋನು ತೋರಿಸುತ್ತಾ ಮನೆಯೆಲ್ಲ ಹಿಂದೆ ಓಡಿ ತುತ್ತು ಇಟ್ಟಿದ್ದೆ. ತಾನೇ ತಿನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ಕೈತುತ್ತು ಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮಜ್ಜಿ ದೊಡ್ಡ ಬೇಸಿನ್ನಿನಲ್ಲಿ ಮೊಸರನ್ನ ಕಲಸಿ ನಮ್ಮ ಆರು ಮಕ್ಕಳನ್ನು ಸುತ್ತ ಕೂರಿಸಿ ಕೊಡುತ್ತಿದ್ದರು. ನಮ್ಮ ಸರದಿ ಬರುವವರೆಗೆ ಕೈಚಾಚಿ ಕಾಯುತ್ತಿದ್ದೆವು. ಪಕ್ಕದವರು ತಿನ್ನುತ್ತಿದ್ದರೆ ನಮಗೂ ಬೇಕು ಅನ್ನಿಸುತ್ತಿತ್ತು. ಇಲ್ಲಿ ನಾನು ಬರೀ ತುತ್ತನ್ನು ಉಳಿಸಿಕೊಂಡೆ, ಸುತ್ತ ಕೂರುವ ಜನ ಇರಲಿಲ್ಲ. ಅದು ತಿಳಿದ ಮೇಲೆ ನಮ್ಮ ರಾತ್ರಿ ಊಟವನ್ನೇ ಆರು ಗಂಟೆಗೆ ತಂದೆವು. ನಮ್ಮವರು ತಡವಾಗಿ ಬಂದ ದಿನವೂ ನಾನು ಮಕ್ಕಳ ಜೊತೆ ಕೂತು ತಿನ್ನುತ್ತೇನೆ. ಟಿವಿ ಇಲ್ಲ, ಫೋನಿಲ್ಲ. ಎಷ್ಟು ತಿನ್ನಬೇಕು ಅನ್ನುವುದನ್ನು ಅವರಿಗೇ ಬಿಟ್ಟಿದ್ದೇನೆ.

ಮಗಳು ಏಳು ವರ್ಷದವಳಿದ್ದಾಗ ಸಾರು, ಹುಳಿ, ಗೊಜ್ಜು, ಕೂಟು ಎಲ್ಲಕ್ಕೂ 'ಕರಿ' ಅನ್ನುತ್ತಿದ್ದಳು. ತಪ್ಪು ಅವಳದಲ್ಲ. ತಟ್ಟೆಗೆ ಬಾರದ ಪದಾರ್ಥದ ಹೆಸರು ಬಾಯಿಗೆ ಹೇಗೆ ಬಂದೀತು? ಕನ್ನಡ ಕಲಿಸಬೇಕು ಅಂತ ಪುಸ್ತಕ ತರಿಸುತ್ತಿದ್ದೆ, ಅಡುಗೆಮನೆಯಿಂದ ಅವಳನ್ನು ದೂರ ಇಟ್ಟಿದ್ದೆ.

ಚಳಿಗಾಲ ಬಂದಾಗ ಒಂದು ಕೆಲಸ ಮಾಡಿ. ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ 'ಪಾಪ್ಡಿ ಲಿಲ್ವಾ' ಅಂತ ಬರೆದ ಪೊಟ್ಟಣ ಹುಡುಕಿ, ಅದು ನಮ್ಮ ಅವರೆಕಾಳು. 'ತುವೇರ್ ಲಿಲ್ವಾ' ಅಂದರೆ ಹಸಿ ತೊಗರಿಕಾಳು, ನೋಡಿ ತನ್ನಿ. ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಮಕ್ಕಳ ಮುಂದಿಡಿ, ಹಿತಕಲಿ. ತಾವೇ ಹಿತಕಿದ ಬೇಳೆಯ ಸಾರನ್ನು ಬೇಡ ಅನ್ನುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯ ನೆಲದ ತುಂಬಾ ಬೇಳೆ ಹಾರಿತ್ತು. ಹಿತಕುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಮಗ ಕೇಳಿದ. ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಗಳೇ, "ಹಿತಕೋದು ಅಂದ್ರೆ ಹಿತಕೋದು" ಅಂದಳು.