ಜರ್ಮನ್ ಕಾರ್ಖಾನೆಯನ್ನು ಹೈಬ್ರಿಡ್ ಕ್ಲೌಡ್‌ಗೆ ಒಯ್ಯುವುದು ಹೇಗೆ?

ದಕ್ಷಿಣ ಜರ್ಮನಿಯ ಶ್ವೇಬಿಷೆ ಆಲ್ಬ್ ಗುಡ್ಡಸಾಲಿನಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿನ ಗೋದಾಮಿನ ಮೇಲ್ವಿಚಾರಕರು ಸರಕು ಪೇರಿಸಿದ ಪ್ಯಾಲೆಟ್‌ನ ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದು ನಿಂತಿದ್ದರು. ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಒಂದು ಸೆಕೆಂಡ್, ಎರಡು, ಮೂರು. ಸಂಖ್ಯೆ ಬಂತು. ಮುಂದಿನ ಪ್ಯಾಲೆಟ್‌ಗೆ ಮತ್ತೆ ಅಷ್ಟೇ ಹೊತ್ತು. ಮಧ್ಯಾಹ್ನದ ವೇಳೆಗೆ ಅವರು ಸ್ಕ್ಯಾನರನ್ನು ಬದಿಗಿಟ್ಟು, ಜೇಬಿನಿಂದ ಪೆನ್ಸಿಲ್ ತೆಗೆದು, ರಟ್ಟಿನ ಪೆಟ್ಟಿಗೆಯ ಮೇಲೆಯೇ ಲೆಕ್ಕ ಬರೆಯತೊಡಗಿದರು.

ಹಿಂದಿನ ವಾರಾಂತ್ಯವಷ್ಟೇ ಆ ಕಾರ್ಖಾನೆಯ ದಾಸ್ತಾನು ತಂತ್ರಾಂಶವನ್ನು ಫ್ರಾಂಕ್‌ಫರ್ಟ್‌ನ ಕ್ಲೌಡ್‌ಗೆ, ಅಂದರೆ ಬೇರೆ ಕಂಪನಿಯ ಬಾಡಿಗೆ ಸರ್ವರ್‌ಗಳಿಗೆ, ಸಾಗಿಸಲಾಗಿತ್ತು. ಅದರ ಡೇಟಾಬೇಸ್ ಮಾತ್ರ ಕಾರ್ಖಾನೆಯ ನೆಲಮಾಳಿಗೆಯಲ್ಲೇ ಉಳಿದಿತ್ತು. ಯೋಜನೆಯ ಕಾಗದದಲ್ಲಿ ಇದಕ್ಕೆ ಹೈಬ್ರಿಡ್ ಕ್ಲೌಡ್ ಎಂದು ಹೆಸರಿಟ್ಟಿದ್ದರು.

ಬೆಂಗಳೂರಿನಿಂದಲೂ, ಆಗಾಗ ಸ್ಥಳಕ್ಕೇ ಹೋಗಿಯೂ ನಾನು ಹಲವು ವರ್ಷಗಳಿಂದ ಇಂಥ ಸಾಗಣೆಯ ಕೆಲಸ ಮಾಡುತ್ತಿದ್ದೇನೆ. ಸ್ವಂತ ಸರ್ವರ್ ಕೋಣೆ ಮತ್ತು ಬಾಡಿಗೆಯ ಕ್ಲೌಡ್ ಎರಡನ್ನೂ ಒಂದೇ ವ್ಯವಸ್ಥೆಯಾಗಿ ಬೆಸೆಯುವುದು ಹೈಬ್ರಿಡ್ ಕ್ಲೌಡ್. ಬೆಸೆಯುವ ಜಾಗವನ್ನು ತಪ್ಪಾಗಿ ಆರಿಸಿ ಒಳ್ಳೆಯ ತಂಡಗಳೂ ಎಡವಿದ್ದನ್ನು ಕಂಡಿದ್ದೇನೆ. ಬೆಂಗಳೂರು, ಮೈಸೂರಿನಲ್ಲಿ ಕುಳಿತು ಜರ್ಮನ್ ಗ್ರಾಹಕರ ಕೆಲಸ ಮಾಡುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರ ಕೈಗೆ ಸಿಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಜರ್ಮನಿ ಈ ದಾರಿ ಹಿಡಿದದ್ದೇಕೆ?

ಇದನ್ನು ತಿಳಿಯದವರು ಗ್ರಾಹಕರ ಹಿಂಜರಿಕೆಯನ್ನು ಹಳೇ ಕಾಲದ ಹಟವೆಂದು ಭಾವಿಸುತ್ತಾರೆ. ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾಯ್ದೆ ಬಂದದ್ದೇ ಆ ದೇಶದ ಹೆಸ್ಸೆನ್ ರಾಜ್ಯದಲ್ಲಿ, 1970ರಲ್ಲಿ. ಅದೇ ರಾಜ್ಯದ ಫ್ರಾಂಕ್‌ಫರ್ಟ್‌ನಲ್ಲಿ 2014ರಲ್ಲಿ ಅಮೆಜಾನ್ ತನ್ನ ಕ್ಲೌಡ್ ಕೇಂದ್ರ ತೆರೆಯಿತು. ಆದರೂ ಅಲ್ಲಿನವರು ಮಿಟ್ಟೆಲ್‌ಸ್ಟಾಂಡ್ ಎಂದು ಕರೆಯುವ ಸಣ್ಣ, ಮಧ್ಯಮ ಗಾತ್ರದ ಕುಟುಂಬ ಸಂಸ್ಥೆಗಳು ನೆಲಮಾಳಿಗೆಯ ಸರ್ವರ್‌ಗಳನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅವರ ಅಳುಕು ನೀಗಿಸಲು ಮೈಕ್ರೋಸಾಫ್ಟ್, ಡಾಯ್ಚೆ ಟೆಲಿಕಾಮ್‌ನ ಅಂಗಸಂಸ್ಥೆ ಟಿ-ಸಿಸ್ಟಮ್ಸ್ ಅನ್ನು ದತ್ತಾಂಶದ ಧರ್ಮದರ್ಶಿಯನ್ನಾಗಿ ಕೂರಿಸಿ ಪ್ರತ್ಯೇಕ ಜರ್ಮನ್ ಕ್ಲೌಡನ್ನೇ ನಡೆಸಿತು. ಅದು 2021ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಈ ನಡುವೆ, ಅಮೆರಿಕದ ಕಂಪನಿಗಳು ಹೊರದೇಶದಲ್ಲಿ ಇಟ್ಟಿರುವ ದತ್ತಾಂಶವನ್ನೂ ತನಿಖೆಗೆ ಕೇಳಿ ಪಡೆಯಲು ಅವಕಾಶ ಕೊಡುವ ಕಾಯ್ದೆ 2018ರಲ್ಲಿ ಅಮೆರಿಕದಲ್ಲಿ ಬಂತು. 2020ರ ಜುಲೈ 16ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ಅಮೆರಿಕಕ್ಕೆ ದತ್ತಾಂಶ ಕಳುಹಿಸಲು ಇದ್ದ ಪ್ರೈವಸಿ ಶೀಲ್ಡ್ ಒಪ್ಪಂದವನ್ನು ರದ್ದುಪಡಿಸಿತು.

ಇನ್ನೊಂದು ಕಡೆಯಿಂದ ಕ್ಲೌಡ್‌ನತ್ತ ದೂಡುವ ಒತ್ತಡವೂ ಅಷ್ಟೇ ಇದೆ. ಜರ್ಮನಿಯ ಸಂಸ್ಥೆಗಳ ಲೆಕ್ಕ, ದಾಸ್ತಾನು, ಸಂಬಳವೆಲ್ಲ ನಿಂತಿರುವುದು ಹೆಚ್ಚಾಗಿ ವಾಲ್‌ಡಾರ್ಫ್‌ನ ಎಸ್‌ಎಪಿ ತಂತ್ರಾಂಶದ ಮೇಲೆ. ಅದರ ಹಳೆಯ ಆವೃತ್ತಿಗೆ ಸಾಮಾನ್ಯ ನಿರ್ವಹಣೆಯ ಗಡುವು 2027ರ ಕೊನೆ. ಹೊಸದಕ್ಕೆ ಹೋಗುವಾಗ ಎಲ್ಲರೂ ಕ್ಲೌಡ್‌ನ ಲೆಕ್ಕ ಹಾಕಿಯೇ ಹಾಕುತ್ತಾರೆ. ಕೆಲವನ್ನು ಕೈಯಲ್ಲಿಟ್ಟುಕೊಂಡು ಕೆಲವನ್ನು ಹೊರಗೆ ಕಳುಹಿಸುವ ನಡುದಾರಿ ಬೆಳೆದದ್ದು ಈ ಎರಡು ಒತ್ತಡಗಳ ನಡುವೆ. ದೇಶೀಯ ಕ್ಲೌಡ್‌ಗಳೂ ಅದರೊಂದಿಗೇ ಬೆಳೆದಿವೆ. ಲಿಡ್ಲ್ ದಿನಸಿ ಅಂಗಡಿಗಳ ಒಡೆಯನಾದ ಶ್ವಾರ್ಟ್ಸ್ ಸಮೂಹವು ಸ್ವಂತ ಬಳಕೆಗೆ ಕಟ್ಟಿಕೊಂಡ ಸ್ಟ್ಯಾಕ್‌ಇಟ್ ಅನ್ನು ಈಗ ಹೊರಗಿನವರಿಗೂ ಮಾರುತ್ತಿದೆ. ಗ್ರಾಹಕರು ಅಂಥದ್ದನ್ನು ಕೇಳಿದರೆ ಮುಖ ತಿರುಗಿಸಬೇಡಿ. ಸೇವೆಗಳ ಪಟ್ಟಿ ಅಮೆರಿಕದ ಕಂಪನಿಗಳದಷ್ಟು ಉದ್ದ ಇರಲಿಕ್ಕಿಲ್ಲ. ಪಂಪಿನ ಕಾರ್ಖಾನೆಗೆ ಅಷ್ಟು ಉದ್ದದ ಪಟ್ಟಿಯೂ ಬೇಕಿಲ್ಲ.

ಹೆಜ್ಜೆ 1: ಪಟ್ಟಿ

ಸರ್ವರ್, ತಂತ್ರಾಂಶ, ಲೈಸೆನ್ಸ್ ಎಲ್ಲವನ್ನೂ ಬರೆದುಕೊಳ್ಳಿ. ಯಾರದಾದರೂ ಮೇಜಿನ ಕೆಳಗೆ, ಯಾವ ದಾಖಲೆಯಲ್ಲೂ ಇಲ್ಲದ ಕಂಪ್ಯೂಟರ್ ಒಂದು ಓಡುತ್ತಿರುತ್ತದೆ. ಅದನ್ನೂ ಹುಡುಕಿ.

ಹೆಜ್ಜೆ 2: ಗೆರೆ ಎಳೆಯುವುದು

ಕೆಲಸ ಕೆಡುವುದು ಇಲ್ಲೇ. ಹೆಚ್ಚಿನವರು ಪಟ್ಟಿ ಹಿಡಿದು ಕುಳಿತು, ಈ ಯಂತ್ರ ಹೋಗಲಿ, ಆ ಯಂತ್ರ ಇರಲಿ ಎಂದು ಗುರುತು ಹಾಕುತ್ತಾರೆ. ದತ್ತಾಂಶ ಸೂಕ್ಷ್ಮವಾದ್ದರಿಂದ ಡೇಟಾಬೇಸ್ ಮನೆಯಲ್ಲಿ, ಅಂದರೆ ಕಾರ್ಖಾನೆಯಲ್ಲೇ ಇರಲಿ, ತಂತ್ರಾಂಶ ಹೊರಗೆ ಹೋಗಲಿ ಎನ್ನುವುದು ಕೇಳಲು ಬಹಳ ಸಮಂಜಸ ಅನ್ನಿಸುತ್ತದೆ. ಗೋದಾಮಿನಲ್ಲಿ ಪೆನ್ಸಿಲ್ ಹೊರಬಂದದ್ದು ಅದೇ ನಿರ್ಧಾರದಿಂದ.

ಲೆಕ್ಕ ಹೀಗಿದೆ. ಆ ದಾಸ್ತಾನು ತೆರೆ ಒಮ್ಮೆ ತೆರೆಯಬೇಕಾದರೆ ತಂತ್ರಾಂಶವು ಡೇಟಾಬೇಸನ್ನು ಸುಮಾರು 400 ಸಲ ಕೇಳುತ್ತಿತ್ತು. ಭಾಗದ ಹೆಸರೇನು, ಯಾವ ಕಪಾಟು, ಎಷ್ಟು ಉಳಿದಿದೆ, ಒಂದಾದ ಮೇಲೊಂದು. ಎರಡೂ ಒಂದೇ ಕೋಣೆಯಲ್ಲಿದ್ದಾಗ ಒಂದು ಪ್ರಶ್ನೆಗೆ ಅರ್ಧ ಮಿಲಿಸೆಕೆಂಡ್ ಎಂದುಕೊಂಡರೂ ಒಟ್ಟು 0.2 ಸೆಕೆಂಡ್. ಕಣ್ಣಿಗೇ ತಿಳಿಯುವುದಿಲ್ಲ. ತಂತ್ರಾಂಶ ಫ್ರಾಂಕ್‌ಫರ್ಟ್‌ಗೆ ಹೋದ ಮೇಲೆ ಪ್ರತಿ ಪ್ರಶ್ನೆಯೂ ವಿಪಿಎನ್ (ಎರಡು ಕಡೆಗಳನ್ನು ಬೆಸೆಯುವ ಗುಪ್ತ ಜಾಲಮಾರ್ಗ) ದಾಟಿ ಬಂದು ಹೋಗಲು 8 ಮಿಲಿಸೆಕೆಂಡ್ ಬೇಕಾಯಿತು. ಅದನ್ನು 400ರಿಂದ ಗುಣಿಸಿದರೆ 3.2 ಸೆಕೆಂಡ್. ಹೆಚ್ಚು ವೇಗದ ಸಂಪರ್ಕ ಕೊಳ್ಳುತ್ತೇವೆ ಎಂದು ಮಾಲೀಕರು ಹೇಳಿದರು. ಅದರಿಂದ ಗುಣವಾಗುವ ಕಾಯಿಲೆ ಇದಾಗಿರಲಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಮಾತ್ರ ಸಾಗುತ್ತದೆ. ರಸ್ತೆ ಅಗಲ ಮಾಡಿದರೆ ಊರು ಹತ್ತಿರ ಬರುವುದಿಲ್ಲ.

ಆದ್ದರಿಂದ ಯಂತ್ರಗಳನ್ನು ಬಿಟ್ಟು ಅವುಗಳ ನಡುವಿನ ಮಾತುಕತೆಯನ್ನು ನೋಡಿ. ಜಾಲದ ಸಂಚಾರ ಹಾದುಹೋಗುವ ಸ್ವಿಚ್ ಮತ್ತು ಫೈರ್‌ವಾಲ್‌ಗಳಿಂದ ಕನಿಷ್ಠ ಒಂದು ತಿಂಗಳ ದಾಖಲೆ ತೆಗೆಯಿರಿ. ತಿಂಗಳ ಕೊನೆಯ ಮೂರು ದಿನ ಅದರೊಳಗೆ ಬರಲೇಬೇಕು, ಏಕೆಂದರೆ ಸಂಬಳ, ಬಿಲ್ಲು, ಲೆಕ್ಕ ಮುಕ್ತಾಯ ಎಲ್ಲವೂ ಆಗ ಓಡುತ್ತವೆ. ಒಂದು ವಾರದ ದಾಖಲೆ ಸಾಕು ಎನ್ನುವವರ ಮಾತು ಕೇಳಬೇಡಿ. ಆಮೇಲೆ ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಪ್ರತಿ ತಂತ್ರಾಂಶಕ್ಕೂ ಒಂದು ಚೌಕ ಬರೆಯಿರಿ. ಗಂಟೆಗೆ ಸಾವಿರಾರು ಸಲ ಮಾತಾಡುವ ಚೌಕಗಳ ನಡುವೆ ದಪ್ಪ ಗೆರೆ, ದಿನಕ್ಕೊಮ್ಮೆ ಕಡತ ಕಳುಹಿಸುವ ಚೌಕಗಳ ನಡುವೆ ತೆಳು ಗೆರೆ. ಬಣ್ಣದ ಚಿತ್ರ ಬಿಡಿಸುವ ತಂತ್ರಾಂಶಗಳೂ ಇವೆ. ನಾನು ಹಾಳೆಯನ್ನೇ ಬಳಸುತ್ತೇನೆ. ಹಾಳೆಯ ಮುಂದೆ ನಿಂತಾಗ ಗೋದಾಮಿನವರೂ ಲೆಕ್ಕಪತ್ರದವರೂ ಬಂದು, ‘ಇದೊಂದು ಬಿಟ್ಟುಹೋಗಿದೆ’ ಎಂದು ಬೆರಳಿಟ್ಟು ತೋರಿಸುತ್ತಾರೆ.

ತೆಳು ಗೆರೆಯನ್ನು ಮಾತ್ರ ಕತ್ತರಿಸಿ. ದಪ್ಪ ಗೆರೆಯ ಎರಡು ತುದಿಗಳು ಹೋದರೆ ಒಟ್ಟಿಗೆ ಹೋಗಬೇಕು, ಉಳಿದರೆ ಒಟ್ಟಿಗೆ ಉಳಿಯಬೇಕು.

ಹೀಗೆ ಮಾಡಿದಾಗ ಹೆಚ್ಚಿನ ಕಾರ್ಖಾನೆಗಳಲ್ಲಿ ಒಂದೇ ಬಗೆಯ ಚಿತ್ರ ಮೂಡುತ್ತದೆ. ಯಂತ್ರಗಳ ನಿಯಂತ್ರಕಗಳು, ಲೇಬಲ್ ಪ್ರಿಂಟರ್‌ಗಳು, ಗೇಟಿನಲ್ಲಿ ಹಾಜರಿ ಹಾಕುವ ಸಾಧನ ಇವೆಲ್ಲ ಮನೆಯಲ್ಲೇ ಉಳಿಯುತ್ತವೆ. ಹೊರಗಿನ ಸಂಪರ್ಕ ಕಡಿದುಹೋದ ದಿನವೂ ಅವು ಓಡಬೇಕು. ವಿನ್ಯಾಸ ವಿಭಾಗದ ಭಾರೀ ಕಡತಗಳೂ ಮನೆಯಲ್ಲೇ ಇರಲಿ. 2 ಜಿಬಿ ಕಡತವೊಂದನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ತರಲು 160 ಸೆಕೆಂಡ್ ಬೇಕು, ಯಾವ ಎಂಜಿನಿಯರೂ ಅಷ್ಟು ಹೊತ್ತು ಕಾಯುವುದಿಲ್ಲ. ಇಮೇಲ್, ಜಾಲತಾಣ, ಪರೀಕ್ಷೆಗೆ ಇಟ್ಟ ನಕಲುಗಳು ಹೊರಗೆ ಹೋಗಬಹುದು. ವಿಶ್ಲೇಷಣೆಗೆ ಬೇಕಾದ ದತ್ತಾಂಶದ ಪ್ರತಿಯನ್ನು ರಾತ್ರಿ ಒಂದೇ ಸಲ ಕ್ಲೌಡ್‌ಗೆ ಕಳುಹಿಸಿ, ಹಗಲಿನ ವರದಿಗಳನ್ನೆಲ್ಲ ಅಲ್ಲೇ ಓಡಿಸುವುದು ನನಗೆ ಅತ್ಯಂತ ಮೆಚ್ಚಿನ ಏರ್ಪಾಡು. ಒಮ್ಮುಖದ ತೆಳು ಗೆರೆ ಎಂದರೆ ಅದು.

ಪಂಪಿನ ಕಾರ್ಖಾನೆಯಲ್ಲಿ ಕೊನೆಗೆ ದಾಸ್ತಾನು ತಂತ್ರಾಂಶವನ್ನು ಡೇಟಾಬೇಸ್ ಪಕ್ಕಕ್ಕೆ ಮರಳಿ ತಂದು, ವರದಿಗಳನ್ನಷ್ಟೇ ಫ್ರಾಂಕ್‌ಫರ್ಟ್‌ನಲ್ಲಿ ಬಿಟ್ಟೆವು.

ಒಂದು ಎಚ್ಚರಿಕೆ. ‘ಗುಂಡಿ ಒತ್ತಿದರೆ ಸಾಕು, ಇಡೀ ಸರ್ವರ್ ಹಾಗೆಯೇ ಕ್ಲೌಡ್‌ಗೆ’ ಎನ್ನುವ ಸಾಧನಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಯಂತ್ರವನ್ನು ಅವು ಸರಿಯಾಗಿಯೇ ಸಾಗಿಸುತ್ತವೆ. ಯಾರ ಜತೆ ಎಷ್ಟು ಮಾತು ಎಂಬುದನ್ನು ತಿಳಿಸದ ಸಾಧನವನ್ನು ಮಾತ್ರ ಕೊಳ್ಳಬೇಡಿ. ಡೇಟಾಬೇಸನ್ನು ಎರಡೂ ಕಡೆ ಇಟ್ಟು ‘ತಾನಾಗಿಯೇ ಸರಿಹೊಂದಿಸುತ್ತೇವೆ’ ಎಂದು ಮಾರುವ ಅಗ್ಗದ ಸೇತುವೆ ತಂತ್ರಾಂಶಗಳನ್ನಂತೂ ಮುಟ್ಟಲೇಬೇಡಿ. ಸಂಪರ್ಕ ಹತ್ತು ನಿಮಿಷ ಕಡಿದಾಗ ಎರಡೂ ಕಡೆ ಒಂದೇ ಪ್ಯಾಲೆಟ್ ಮಾರಾಟವಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹೆಜ್ಜೆ 3: ದಾರಿ

ಎರಡು ಸಂಪರ್ಕ ಇರಲಿ, ಎರಡೂ ಒಂದೇ ಕಾಲುವೆಯಲ್ಲಿ ಹೂತ ಕೇಬಲ್ ಆಗಿರದಿರಲಿ. ಜೆಸಿಬಿಯ ಒಂದು ಹಲ್ಲು ಎರಡನ್ನೂ ಕತ್ತರಿಸಬಲ್ಲದು.

ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಐಪಿ ವಿಳಾಸಗಳನ್ನು ಈಗಲೇ ನೋಡಿಕೊಳ್ಳಿ. ಜರ್ಮನಿಯ ಮನೆ, ಸಣ್ಣ ಕಚೇರಿಗಳಲ್ಲೆಲ್ಲ ಕಾಣುವ ಫ್ರಿಟ್ಸ್‌ಬಾಕ್ಸ್ ರೂಟರ್ ತಾನಾಗಿಯೇ 192.168.178 ಎಂದು ಶುರುವಾಗುವ ವಿಳಾಸ ಹಂಚುತ್ತದೆ. ಮೂರು ಶಾಖೆಗಳಲ್ಲಿ ಅದನ್ನೇ ಬಳಸಿದ್ದರೆ ಮೂರಕ್ಕೂ ಒಂದೇ ವಿಳಾಸ. ಕ್ಲೌಡ್‌ಗೆ ಸೇರಿಸಿದ ದಿನ ಯಾವ ಪ್ರಿಂಟರ್ ಎಲ್ಲಿಯದು ಎಂದು ಯಾರಿಗೂ ತಿಳಿಯದು. ದಾರಿಯಲ್ಲೇ ಒಂದು ವಿಳಾಸವನ್ನು ಇನ್ನೊಂದಾಗಿ ಬದಲಿಸುವ ವಿಳಾಸ ಅನುವಾದದ ಜೋಡಣೆ ಹಾಕಿ ದಾಟಿಬಿಡೋಣ ಎನ್ನುವವರು ಇರುತ್ತಾರೆ. ಬೇಡ. ಒಂದು ಶನಿವಾರ ಕಳೆದರೂ ಸರಿ, ಶಾಖೆಗಳ ವಿಳಾಸ ಬದಲಿಸಿ.

ಹೆಜ್ಜೆ 4: ಕಾಗದಪತ್ರ

ಇಲ್ಲಿ ಮೂರು ಬಾಗಿಲು ತಟ್ಟಬೇಕು. ಮೊದಲನೆಯದು ನಮ್ಮದೇ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ ಜಿಡಿಪಿಆರ್ ಪ್ರಕಾರ, ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿ ಇದ್ದರೂ, ಭಾರತದ ಸೇವಾ ಸಂಸ್ಥೆಯವರು ಬೆಂಗಳೂರಿನಲ್ಲಿ ಕುಳಿತು ಅದರಲ್ಲಿನ ವೈಯಕ್ತಿಕ ವಿವರ ನೋಡಿದರೆ ಅದು ದತ್ತಾಂಶವನ್ನು ಹೊರದೇಶಕ್ಕೆ ಕಳುಹಿಸಿದಂತೆಯೇ. ಅದಕ್ಕೆ ಒಕ್ಕೂಟವು 2021ರಲ್ಲಿ ಹೊಸದಾಗಿ ಹೊರಡಿಸಿದ ಮಾದರಿ ಕರಾರುಗಳಿಗೆ ಸಹಿ ಬೇಕು. ಜತೆಗೆ, ನಮ್ಮ ತಂಡಕ್ಕೆ ಹೆಸರು, ಸಂಬಳ ಮುಚ್ಚಿದ ಪ್ರತಿಯನ್ನಷ್ಟೇ ಕೊಡಿ ಎಂದು ನಾನೇ ಮುಂದಾಗಿ ಕೇಳುತ್ತೇನೆ. ನೋಡಬೇಕಿಲ್ಲದ್ದನ್ನು ನೋಡದಿರುವುದೇ ಹಗುರ.

ಎರಡನೆಯದು ಬೆಟ್ರೀಬ್ಸ್‌ರಾಟ್, ಅಂದರೆ ನೌಕರರು ಆರಿಸಿದ ಸಮಿತಿ. ನೌಕರರ ನಡತೆ ಅಥವಾ ಕೆಲಸದ ಮೇಲೆ ಕಣ್ಣಿಡಲು ಬರುವ ಯಾವುದೇ ತಾಂತ್ರಿಕ ವ್ಯವಸ್ಥೆಗೂ ಅದರ ಒಪ್ಪಿಗೆ ಬೇಕೆಂದು ಕಾನೂನಿನಲ್ಲೇ ಇದೆ. ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು ಎಂದು ಕ್ಲೌಡ್ ಬರೆದಿಡುವ ದಾಖಲೆಯೂ ಅದರಡಿ ಬರುತ್ತದೆ. ಸಮಿತಿಯ ಬಳಿಗೆ ಯೋಜನೆಯ ಮೊದಲ ತಿಂಗಳಲ್ಲೇ ಹೋಗಿ. ಕೊನೆಯ ವಾರ ಹೋದವರ ಸಾಗಣೆ ಅರ್ಧ ವರ್ಷ ನಿಂತದ್ದುಂಟು, ಮತ್ತು ತಪ್ಪು ಹೋದವರದೇ.

ಮೂರನೆಯದು ತೆರಿಗೆ. ಕಂಪ್ಯೂಟರಿನಲ್ಲಿ ಇಡುವ ಲೆಕ್ಕಪುಸ್ತಕ ಜರ್ಮನಿ ಅಥವಾ ಒಕ್ಕೂಟದ ಬೇರೊಂದು ದೇಶದಲ್ಲಿರಬಹುದು. ಅದರಾಚೆಗೆ ಒಯ್ಯಲು ತೆರಿಗೆ ಕಚೇರಿಯ ಅನುಮತಿ ಬೇಕು.

ಹೆಜ್ಜೆ 5: ಸಾಗಿಸುವ ದಿನ

ದಕ್ಷಿಣ ಜರ್ಮನಿಯ ರಾಜ್ಯಗಳಾದ ಬಾಡೆನ್-ವುರ್ಟೆಂಬರ್ಗ್ ಮತ್ತು ಬವೇರಿಯಾದಲ್ಲಿ ಜನವರಿ 6 ಸಾರ್ವಜನಿಕ ರಜೆ. ಕ್ರಿಸ್‌ಮಸ್‌ನಿಂದ ಅಲ್ಲಿಯವರೆಗೆ ಎಷ್ಟೋ ಕಾರ್ಖಾನೆಗಳ ಯಂತ್ರಗಳು ಮಲಗಿರುತ್ತವೆ. ಕಾರ್ಖಾನೆಯ ಕಡೆಯ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಅದೇ ಹೊತ್ತಿನಲ್ಲಿ ದಾಸ್ತಾನು ಎಣಿಕೆ, ವರ್ಷದ ಮುಕ್ತಾಯ. ಅವರ ತಂತ್ರಾಂಶವನ್ನು ಆಗ ಮುಟ್ಟಬೇಡಿ.

ದತ್ತಾಂಶ ಮೊದಲೇ ಹೊರಟಿರಲಿ. 10 ಟಿಬಿ ದತ್ತಾಂಶ 100 ಎಂಬಿಪಿಎಸ್‌ನಲ್ಲಿ ಹೋಗಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಭದ್ರಪಡಿಸಿದ ಡಿಸ್ಕ್‌ಗಳಲ್ಲಿ ತುಂಬಿ ವಾಹನದಲ್ಲಿ ಕಳುಹಿಸುವುದೇ ವೇಗ.

ಹೆಜ್ಜೆ 6: ಬ್ಯಾಕಪ್

2021ರ ಮಾರ್ಚ್ 10ರಂದು, ರೈನ್ ನದಿಯ ಆಚೆ ದಡದಲ್ಲಿರುವ ಫ್ರಾನ್ಸ್‌ನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಹೆಚ್ ಕಂಪನಿಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಬೆಂಕಿಗೆ ಸುಟ್ಟುಹೋಯಿತು. ಬೇರೆಡೆ ಪ್ರತಿ ಇಲ್ಲದ ಗ್ರಾಹಕರು ದತ್ತಾಂಶವನ್ನೇ ಕಳೆದುಕೊಂಡರು. ಹೈಬ್ರಿಡ್ ವ್ಯವಸ್ಥೆ ಇರುವವರಿಗೆ ಎರಡು ಜಾಗ ಹೇಗೂ ಸಿಕ್ಕಿವೆ. ಮನೆಯದರ ಪ್ರತಿ ಕ್ಲೌಡ್‌ನಲ್ಲಿ, ಕ್ಲೌಡ್‌ನದರ ಪ್ರತಿ ಮನೆಯಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ಒಂದನ್ನು ನಿಜವಾಗಿಯೂ ತೆರೆದು, ಓಡಿಸಿ ನೋಡಿ.

ಹೆಜ್ಜೆ 7: ಹೊರಬರುವ ಬಾಗಿಲು ಮತ್ತು ಹಳೆಯ ಸರ್ವರ್

ಕ್ಲೌಡ್‌ಗೆ ದತ್ತಾಂಶ ಹಾಕಲು ಸಾಮಾನ್ಯವಾಗಿ ಕಾಸಿಲ್ಲ, ತೆಗೆಯಲು ಶುಲ್ಕ. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾದ ಒಕ್ಕೂಟದ ದತ್ತಾಂಶ ಕಾಯ್ದೆಯ ಪ್ರಕಾರ, ಒಂದು ಕ್ಲೌಡ್ ಬಿಟ್ಟು ಇನ್ನೊಂದಕ್ಕೆ ಹೋಗುವವರಿಂದ 2027ರ ಜನವರಿ 12ರಿಂದ ಸಾಗಣೆ ಶುಲ್ಕ ವಸೂಲು ಮಾಡುವಂತಿಲ್ಲ. ದಿನನಿತ್ಯದ ಬಳಕೆಯಲ್ಲಿ ಹೊರಗೆ ಹರಿಯುವ ದತ್ತಾಂಶ ಬೇರೆ ಮಾತು. ತಿಂಗಳ ಬಿಲ್ಲಿನಲ್ಲಿ ಆ ಸಾಲನ್ನು ಮೊದಲು ಓದಿ. ಅದು ದಿಢೀರನೆ ಏರಿದ್ದರೆ ಎಲ್ಲೋ ಒಂದು ದಪ್ಪ ಗೆರೆ ಕತ್ತರಿಸಲ್ಪಟ್ಟಿದೆ ಎಂದರ್ಥ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಗೋದಾಮಿಗೆ ಹೋಗಿ. ಬೆಳಗಿನ ಪಾಳಿ ಜೋರಾಗಿರುವಾಗ, ಮೇಲ್ವಿಚಾರಕರ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತು ಹತ್ತು ಪ್ಯಾಲೆಟ್ ಸ್ಕ್ಯಾನ್ ಮಾಡಿಸಿ. ಒಂದೊಂದಕ್ಕೂ ಒಂದು ಸೆಕೆಂಡಿಗಿಂತ ಕಡಿಮೆ ಬಂದರೆ ಮುಂದುವರಿಯಿರಿ. ಇಲ್ಲವಾದರೆ ಹಾಳೆಯ ಮುಂದೆ ಮತ್ತೆ ನಿಲ್ಲಿ. ಹಳೆಯ ಸರ್ವರಿನ ವಿದ್ಯುತ್ತನ್ನು ಒಂದು ತಿಂಗಳ ಲೆಕ್ಕ ಮುಕ್ತಾಯ ನೋಡಿದ ಮೇಲೆಯೇ ತೆಗೆಯಿರಿ. ಜರ್ಮನಿಯ ಕಾನೂನಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಹತ್ತು ವರ್ಷ ಇಡಬೇಕು. ಆದ್ದರಿಂದ ಡಿಸ್ಕ್‌ಗಳನ್ನು ಪುಡಿ ಮಾಡಲು ಕೊಡುವ ಮುನ್ನ, ಹಳೆಯ ವರ್ಷದ ಒಂದು ಬಿಲ್ಲು ಹೊಸ ವ್ಯವಸ್ಥೆಯಲ್ಲಿ ತೆರೆಯುತ್ತದೆಯೇ ಎಂದು ಲೆಕ್ಕಪತ್ರದವರ ಕಣ್ಣೆದುರೇ ನೋಡಿ, ಅವರ ಸಹಿ ಪಡೆಯಿರಿ.