ದೆವ್ವಕ್ಕಿಂತ ಮೊದಲು ಮನುಷ್ಯರನ್ನು ಬರೆಯಿರಿ

ಕಡಿಮೆ ದುಡ್ಡಿನಲ್ಲಿ ಹಾರರ್ ಕಿರುಚಿತ್ರ ಮಾಡುವವರಿಗೆ ನಾನು ಮೊದಲು ತೋರಿಸುವುದು ಆಸ್ಟ್ರೇಲಿಯಾದ 'ಕಾರ್ಗೋ'. 2013ರ ಟ್ರಾಪ್‌ಫೆಸ್ಟ್ ಕಿರುಚಿತ್ರೋತ್ಸವದ ಫೈನಲಿಸ್ಟ್. ಸೋಂಕು ತಗುಲಿದ ಅಪ್ಪ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾನೆ. ಮಾಂಸಕ್ಕಾಗಿ ಅಲೆಯುವ ಜೀವಂತ ಹೆಣ, ಅಂದರೆ ಜೋಂಬಿಯಾದ ಮೇಲೂ ತಾನು ನಡೆಯುತ್ತಲೇ ಇರಬೇಕೆಂದು ಮಾಂಸವನ್ನು ಕೋಲಿಗೆ ಕಟ್ಟಿ ಮುಖದ ಮುಂದೆ ತೂಗಿಬಿಡುತ್ತಾನೆ. ಮಾತೇ ಬೇಕಿಲ್ಲ, ಅಲ್ವಾ?

ನಿಮ್ಮ ಪಾತ್ರಕ್ಕೂ ಕಳೆದುಕೊಳ್ಳಲಾಗದ ಒಬ್ಬರನ್ನು ಕೊಡಿ. ಆ ಪ್ರೀತಿ ಕೈ ಮಾಡುವ ಕೆಲಸದಲ್ಲಿ ಕಾಣಲಿ. ಮೇಕಪ್ಪಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಒಳ್ಳೆಯ ಮೈಕ್ ತನ್ನಿ. ಉಸಿರು, ಬಾಗಿಲ ಚಿಲಕ, ಪಕ್ಕದ ಕೋಣೆಯ ಕೆಮ್ಮು ಸ್ಪಷ್ಟವಾಗಿ ಕೇಳಬೇಕು. ಸತ್ತ ಅಜ್ಜಿಯ ಕೆಮ್ಮು ಕೇಳಿದ ಮೊಮ್ಮಗಳು ಓಡದೆ, ಬಿಸಿನೀರು ಕಾಯಿಸಲು ಎದ್ದರೆ? ನನಗಂತೂ ಗಂಟಲು ಕಟ್ಟುತ್ತದೆ. ಅಲ್ಲಿ ಸಂಗೀತ ಹಾಕಬೇಡಿ. ಅವಳು ಒಲೆ ಹಚ್ಚುವವರೆಗೂ ಶಾಟ್ ಕತ್ತರಿಸಬೇಡಿ.