ವಿಂಡೋಸ್ ಮತ್ತೆ ಹಾಕಿದ ಮೇಲೆ ಕಾಣೆಯಾದ ಡ್ರೈವರ್‌ಗಳನ್ನು ಸರಿಪಡಿಸುವ ಕ್ರಮ

ಲ್ಯಾಪ್‌ಟಾಪ್‌ನಲ್ಲಿದ್ದುದನ್ನೆಲ್ಲ ಅಳಿಸಿ ವಿಂಡೋಸ್ 10 ಅಥವಾ 11 ಅನ್ನು ಹೊಸದಾಗಿ ಹಾಕಿದ ಮೇಲೆ ವೈಫೈ ಚಿಹ್ನೆ ಕಾಣದಿದ್ದರೆ, ಧ್ವನಿ ಹೊರಡದಿದ್ದರೆ ಅಥವಾ ಪರದೆಯ ಅಕ್ಷರಗಳು ವಿಪರೀತ ದೊಡ್ಡದಾಗಿ ಮೂಡಿದರೆ ಯಂತ್ರವೇ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಬಿಡಿಭಾಗಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ; ಅವುಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಮಾತ್ರ ಹಳೆಯ ವಿಂಡೋಸ್‌ನೊಂದಿಗೆ ಅಳಿಸಿಹೋಗಿರುತ್ತದೆ.

ಮೊದಲು ಇಂಟರ್‌ನೆಟ್ ಸಿಗಬೇಕು. ವೈಫೈ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್ ಮೂಲಕ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲಿ ಮೊದಲೇ ಇರುತ್ತದೆ. ಸಂಪರ್ಕ ಸಿಕ್ಕ ಕೂಡಲೇ ವಿಂಡೋಸ್ ಅಪ್‌ಡೇಟ್ ನಡೆಸಿ, ಅದರೊಳಗಿನ ಆಪ್ಷನಲ್ ಅಪ್‌ಡೇಟ್ಸ್ ವಿಭಾಗವನ್ನೂ ತೆರೆದು ನೋಡಿ. ಹಲವರು ಈ ವಿಭಾಗವನ್ನು ಗಮನಿಸುವುದೇ ಇಲ್ಲ, ಆದರೆ ಬೇಕಾದ ಡ್ರೈವರ್‌ಗಳು ಎಷ್ಟೋ ಬಾರಿ ಅಲ್ಲಿಯೇ ಇರುತ್ತವೆ.

ಇಷ್ಟಾದರೂ ಉಳಿದುಕೊಂಡವನ್ನು ಪತ್ತೆಹಚ್ಚಲು ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನದ ಗುರುತಿರುವ ಸಾಧನದ ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಎಂದಿದ್ದರೆ ಅದಕ್ಕೆ ಡ್ರೈವರ್ ಇಲ್ಲವೆಂದೇ ಅರ್ಥ. ‘ಅನ್‌ನೋನ್ ಡಿವೈಸ್’ ಎಂಬ ಹೆಸರು ನೋಡಿ ಊಹೆಗೆ ಇಳಿಯುವುದು ಬೇಡ, ಏಕೆಂದರೆ ಪ್ರತಿ ಸಾಧನವೂ ತನ್ನ ಗುರುತನ್ನು ತಾನೇ ಹೇಳುತ್ತದೆ. ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿಗಳನ್ನು ಆರಿಸಿದರೆ ಒಂದು ಉದ್ದದ ಸಾಲು ಕಾಣುತ್ತದೆ. ಆ ಸಾಲು ‘ಪಿಸಿಐ’ ಎಂದು ಆರಂಭವಾದರೆ ಅದರಲ್ಲಿ ‘ವಿಇಎನ್’ ಎಂಬುದರ ಮುಂದಿನ ನಾಲ್ಕು ಅಂಕಿ-ಅಕ್ಷರಗಳು ತಯಾರಕರನ್ನೂ ‘ಡಿಇವಿ’ ಎಂಬುದರ ಮುಂದಿನವು ಮಾದರಿಯನ್ನೂ ಸೂಚಿಸುತ್ತವೆ: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 10ಡಿಇ ಎಂದರೆ ಎನ್ವಿಡಿಯಾ, 1002 ಎಂದರೆ ಎಎಂಡಿ.

ಡ್ರೈವರ್‌ಗಳನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ಸೀರಿಯಲ್ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ. ಬಿಡಿಭಾಗ ಕೂಡಿಸಿ ಕಟ್ಟಿದ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್‌ನ ಮಾದರಿಯನ್ನು ಹುಡುಕಿ. ಮೊದಲು ಚಿಪ್‌ಸೆಟ್ (ಬಿಡಿಭಾಗಗಳನ್ನು ಪ್ರೊಸೆಸರ್‌ಗೆ ಬೆಸೆಯುವ ಮದರ್‌ಬೋರ್ಡ್‌ನ ಚಿಪ್‌ಗಳು) ಡ್ರೈವರ್ ಹಾಕಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿದ ನಂತರ ಗ್ರಾಫಿಕ್ಸ್, ಆಡಿಯೊ ಮುಂತಾದವಕ್ಕೆ ಹೋಗುವುದು ಒಳ್ಳೆಯದು. ‘ಎಸ್‌ಎಂ ಬಸ್ ಕಂಟ್ರೋಲರ್’ನಂತಹ ಅಪರಿಚಿತ ಹೆಸರುಗಳು ಚಿಪ್‌ಸೆಟ್ ಡ್ರೈವರ್ ಹಾಕಿದ ಕೂಡಲೇ ಸರಿಹೋಗುವುದುಂಟು. ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಹಾಕಿಕೊಡುವೆವೆನ್ನುವ ಉಚಿತ ತಂತ್ರಾಂಶಗಳನ್ನು ಮಾತ್ರ ದಯವಿಟ್ಟು ನಂಬಬೇಡಿ: ಅವು ತಪ್ಪು ಡ್ರೈವರ್‌ನ ಜೊತೆಗೆ ಬೇಡದ ತಂತ್ರಾಂಶಗಳನ್ನೂ ತಂದುಹಾಕಬಹುದು.

ವಿಂಡೋಸ್ ಹಾಕುವ ಹಂತದಲ್ಲಿಯೇ ಎದುರಾಗುವ ತೊಡಕೊಂದಿದೆ. ಇಂಟೆಲ್‌ನ 11ನೇ ಪೀಳಿಗೆಯ ಮತ್ತು ನಂತರದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಗಳನ್ನು ನಿರ್ವಹಿಸುವ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇದ್ದರೆ, ಎಸ್‌ಎಸ್‌ಡಿ ಚೆನ್ನಾಗಿಯೇ ಇದ್ದರೂ ಇನ್‌ಸ್ಟಾಲರ್‌ನ ಪಟ್ಟಿಯಲ್ಲಿ ಡ್ರೈವ್ ಕಾಣುವುದಿಲ್ಲ. ಆಗ ಬೇರೊಂದು ಕಂಪ್ಯೂಟರ್‌ನಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರ್ ಇಳಿಸಿ, ಆ ಕಡತವನ್ನು ಎಕ್ಸ್‌ಟ್ರ್ಯಾಕ್ಟ್ ಮಾಡಿ ಒಳಗಿನ ಐಎನ್‌ಎಫ್ (ಡ್ರೈವರ್ ಹಾಕುವ ವಿವರವಿರುವ) ಕಡತಗಳಿರುವ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಗುಂಡಿಯ ಮೂಲಕ ತೋರಿಸಬೇಕು.

ಎಲ್ಲವೂ ಸರಿಹೋದ ದಿನವೇ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್‌ನಲ್ಲಿಯೇ ಇರುವ ಪಿಎನ್‌ಪಿಯುಟಿಲ್ (pnputil) ಎಂಬ ತಂತ್ರಾಂಶದ ಎಕ್ಸ್‌ಪೋರ್ಟ್-ಡ್ರೈವರ್ (/export-driver) ಆಜ್ಞೆಯಿಂದ ಡ್ರೈವರ್‌ಗಳ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಮತ್ತೊಮ್ಮೆ ವಿಂಡೋಸ್ ಹಾಕಬೇಕಾಗಿ ಬಂದಾಗ, ಡಿವೈಸ್ ಮ್ಯಾನೇಜರ್‌ನ ಅಪ್‌ಡೇಟ್ ಡ್ರೈವರ್‌ನಲ್ಲಿ ಆ ಫೋಲ್ಡರ್ ತೋರಿಸಿದರೆ ವೈಫೈಗಾಗಿ ಪರದಾಡಬೇಕಾಗುವುದಿಲ್ಲ.